ಅಷ್ಟೊಂದು ಕಾಣೋದು ಬೇಡ

ಮೌನ ಬಂಗಾರ ಅನ್ನುವ ಮಾತು ನಿಜವಾಗಿದ್ದರೆ ನಾವು ಇಷ್ಟು ಹೊತ್ತಿಗೆ ಅರಮನೆ ಕಟ್ಟಿಸಿಕೊಂಡಿರಬೇಕಿತ್ತು. ನಮ್ಮನೆಯವರು ಅಂಥ ಮನುಷ್ಯ. ಟವರ್ ಕ್ರೇನ್ ಆಪರೇಟರ್. ಬೆಳಿಗ್ಗೆ ಏಣಿ ಹತ್ತಿದರೆ ಸಂಜೆಯೇ ಇಳಿಯುವುದು. ಆ ಎತ್ತರದ ಗಾಜಿನ ಗೂಡಿನಲ್ಲಿ ಒಬ್ಬರೇ ಕೂತು ಕಬ್ಬಿಣದ ಕಂಬಿ, ಕಾಂಕ್ರೀಟಿನ ಬಕೆಟ್ಟು ಎತ್ತಿ ಇಳಿಸುತ್ತಾರೆ. ಇಡೀ ಊರು ಅವರ ಕಾಲ ಕೆಳಗೆ. ನನಗೋ ಹುಟ್ಟಿದಾಗಿಂದ ಕುತೂಹಲದ ಕಾಯಿಲೆ. ಪಕ್ಕದ ಮನೆಯ ಗೇಟು ಕಿರ್ ಅಂದರೆ ಒಲೆಯ ಮೇಲಿನ ಹಾಲು ಬಿಟ್ಟು ಕಿಟಕಿಗೆ ಓಡುವವಳು ನಾನು. ಅಂಥವಳಿಗೆ ಇಂಥವರು ಗಂಟುಬಿದ್ದರು.

ಮದುವೆಯಾದ ಹೊಸದರಿಂದ ನಾನು ದಿನಾ ಸಂಜೆ ಅವರು ಬೂಟು ಬಿಚ್ಚುವಾಗ ಕೇಳುತ್ತೇನೆ: "ಇವತ್ತು ಏನು ನೋಡಿದ್ರಿ?"

"ಏನಿಲ್ಲ."

ಅಷ್ಟೇ. ಬೂಟಿನ ದಾರ ಬಿಚ್ಚುತ್ತಾರೆ, ಕಾಲು ತೊಳೆಯುತ್ತಾರೆ, ಟೀ ಕುಡಿಯುತ್ತಾರೆ. ಇಡೀ ಊರನ್ನು ಮೇಲಿಂದ ನೋಡಿ ಬಂದ ಮನುಷ್ಯನಿಗೆ ಏನೂ ಇಲ್ಲವಂತೆ! ನನ್ನ ತಲೆಕೂದಲು ಬೆಳ್ಳಗಾಯಿತು, ಆ ಉತ್ತರಕ್ಕೆ ಮಾತ್ರ ವಯಸ್ಸಾಗಲಿಲ್ಲ.

ಈಗ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಅವರ ಮೊಣಕಾಲು ನೋಡಿದ ಡಾಕ್ಟರು ಇನ್ನು ಏಣಿ ಹತ್ತುವ ಹಾಗಿಲ್ಲ ಅಂದುಬಿಟ್ಟರು. ನಾನು ಕೆಲಸ ಮಾಡುವ ಲಾಂಡ್ರಿಯ ಹಿಂದೆ ಏಳುತ್ತಿರುವ ಕಟ್ಟಡ ಮುಗಿದು ಕ್ರೇನು ಬಿಚ್ಚುವವರೆಗೆ ಮಾತ್ರ, ಆಮೇಲೆ ಕೆಳಗೆ ಸ್ಟೋರಿನಲ್ಲಿ ಕೆಲಸ. ಆ ಮಾತು ಕೇಳಿ ಎಲ್ಲರೂ ಒಳ್ಳೇದಾಯ್ತು ಅಂದರು. ನನಗೆ ಮಾತ್ರ ಹಾಗೆ ಅನ್ನಲಾಗಲಿಲ್ಲ. ಇಷ್ಟು ವರ್ಷ ಒಬ್ಬರ ಜೊತೆ ಬಾಳಿ, ಅವರ ರಾತ್ರಿಯ ಗೊರಕೆ ಗೊತ್ತು, ಅವರ ಹಗಲು ಗೊತ್ತಿಲ್ಲ. ಕ್ರೇನು ಬಿಚ್ಚಿದರೆ ಆ ಹಗಲೂ ಬಿಚ್ಚಿಕೊಂಡು ಲಾರಿ ಹತ್ತಿ ಹೋಗುತ್ತದೆ. ಇನ್ನು ಯಾರನ್ನು ಕೇಳಲಿ?

"ಒಂದು ಕ್ಯಾಮೆರಾ ತಗೊಳ್ಳೋಣ," ಅಂದೆ. "ಬಾಯಲ್ಲಂತೂ ಹೇಳಲ್ಲ. ಇಳಿಯೋದ್ರೊಳಗೆ ಏನೇನು ಕಾಣತ್ತೋ ಎಲ್ಲಾ ತೆಗೆದು ತಗೊಂಡು ಬನ್ನಿ."

ಕ್ಯಾಬಿನ್ನಿಗೆ ಫೋನು ಒಯ್ಯುವಂತಿಲ್ಲ. ಗೇಟಿನಲ್ಲೇ ಪೆಟ್ಟಿಗೆಗೆ ಹಾಕಿ ಹೋಗಬೇಕು. ಕ್ಯಾಮೆರಾ ಆದರೆ ರಿಂಗ್ ಆಗುವುದಿಲ್ಲವಲ್ಲ, ಹುಕ್ಕಿನಲ್ಲಿ ಭಾರ ಇಲ್ಲದಾಗ ತೆಗೆದುಕೋ ಎಂದು ಸೂಪರ್‌ವೈಸರ್ ಒಪ್ಪಿದರಂತೆ. ಇದನ್ನು ಅವರ ಬಾಯಿಂದ ಹೊರಡಿಸುವುದಕ್ಕೇ ನನಗೆ ಒಂದು ವಾರ ಹಿಡಿಯಿತು.

ಕ್ಯಾಮೆರಾ ಅಂಗಡಿಗೆ ನಮ್ಮ ಜೊತೆ ಮೈದುನನೂ ಬಂದ. ಅವನು ಮದುವೆಗಳ ಫೋಟೋ ತೆಗೆಯುವವನು. ಅಣ್ಣ ಆಡದ ಮಾತನ್ನೆಲ್ಲ ತಮ್ಮನೇ ಆಡಿ ಮುಗಿಸಲಿ ಅಂತ ದೇವರು ಕಳಿಸಿದ್ದು. ಅಂಗಡಿಯವನು ಗಾಜಿನ ಮೇಜಿನ ಮೇಲೆ ಎರಡು ಇಟ್ಟ. ಒಂದು ಫುಲ್-ಫ್ರೇಮ್ ಮಿರರ್‌ಲೆಸ್ಸು, ಮೂತಿ ಉದ್ದದ್ದು. ಎತ್ತಿ ನೋಡಿದರೆ ನಮ್ಮ ಲಾಂಡ್ರಿಯ ಇಸ್ತ್ರಿಪೆಟ್ಟಿಗೆಯ ಭಾರ. ಇನ್ನೊಂದು ಜೇಬಿನಲ್ಲಿ ಇಟ್ಟುಕೊಳ್ಳುವ ಕಾಂಪ್ಯಾಕ್ಟು, ಸೋಪಿನ ಬಿಲ್ಲೆಯಷ್ಟು.

"ಅತ್ತಿಗೆ, ಕಣ್ಣು ಮುಚ್ಚಿಕೊಂಡು ದೊಡ್ಡದು ತಗೊಳ್ಳಿ," ಎಂದ ಮೈದುನ. "ಒಳಗಿನ ಸೆನ್ಸರ್ ದೊಡ್ಡದು. ದೂರದ್ದು ತೆಗೆದು ಆಮೇಲೆ ಎಷ್ಟು ಹಿಗ್ಗಿಸಿದ್ರೂ ಒಡೆಯಲ್ಲ. ಅಣ್ಣ ಕೂರೋ ಎತ್ತರಕ್ಕೆ ಇದೇ ಸರಿ."

ಅಂಗಡಿಯವನು ಎರಡರಲ್ಲೂ ರಸ್ತೆಯ ಆಚೆಗಿನ ಕ್ಷೌರದ ಅಂಗಡಿಯ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದ. ದೊಡ್ಡ ಕ್ಯಾಮೆರಾದಲ್ಲಿ ಕುರ್ಚಿಯ ಮೇಲೆ ಕೂತವನ ಕೆನ್ನೆಯ ಸೋಪಿನ ನೊರೆ, ಅದರಲ್ಲಿ ಕತ್ತಿ ಎಳೆದ ಗೆರೆ ಕೂಡ ಕಂಡಿತು. ಚಿಕ್ಕದರಲ್ಲಿ ಕುರ್ಚಿ, ಮನುಷ್ಯ, ನೊರೆ ಎಲ್ಲ ಕಲಸುಮೇಲೋಗರ. ನಾನು ದೊಡ್ಡದಕ್ಕೆ ಅಲ್ಲೇ ಮನಸೋತೆ. ಇದಲ್ಲವೇ ನನಗೆ ಬೇಕಾದ ಕಣ್ಣು!

ಇವರು ಮಾತ್ರ ಆ ಕಲಸುಮೇಲೋಗರದ ಫೋಟೋವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಚಿಕ್ಕ ಕ್ಯಾಮೆರಾವನ್ನು ಅಂಗಿ ಜೇಬಿಗೆ ಹಾಕಿ, ಗುಂಡಿ ಹಾಕಿ, ಬಗ್ಗಿ ಎದ್ದು ನೋಡಿ, "ಇದು ಸಾಕು," ಅಂದರು.

"ಯಾಕೆ ಸಾಕು?"

"ಏಣಿ ಹತ್ತುವಾಗ ಕುತ್ತಿಗೇಲಿ ಏನೂ ನೇತಾಡಬಾರದು."

"ಅಣ್ಣ, ನೇತಾಡೋದು ಇರಲಿ, ಇದರಲ್ಲಿ ಕಾಣಬೇಕಲ್ಲ!"

"ಅಷ್ಟೊಂದು ಕಾಣೋದು ಬೇಡ."

ಅಂಗಡಿಯವನು ತನ್ನನ್ನೇ ಬೈದರೇನೋ ಅನ್ನುವ ಹಾಗೆ ಮುಖ ಮಾಡಿದ. ಮೈದುನ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಕಾಣಲಿ ಅಂತ ತಾನೇ ಲೋಕದಲ್ಲಿ ಜನ ಕ್ಯಾಮೆರಾ ಕೊಳ್ಳುವುದು? ಕಾಣೋದು ಬೇಡ ಅನ್ನುವ ಗಿರಾಕಿಯನ್ನು ಯಾರಾದರೂ ಕಂಡಿದ್ದೀರಾ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬರಿಗೈಯಲ್ಲಿ ಮನೆಗೆ ಬಂದೆವು.

ಆ ಏಣಿಯ ಕಾರಣವನ್ನು ನಾನು ನಂಬಿಯೇಬಿಟ್ಟಿದ್ದೆ. ಮಾರನೆಯ ದಿನ ಅವರ ಊಟದ ಚೀಲ ತೊಳೆಯುವಾಗ ಕೈ ನಿಂತಿತು. ಆ ಚೀಲ ಹೊಲಿದದ್ದು ನಾನೇ, ಲಾಂಡ್ರಿಯ ಹಳೇ ದಪ್ಪ ಬಟ್ಟೆಯಲ್ಲಿ. ಅದರ ಬಾಯಿಗೆ ಕಬ್ಬಿಣದ ಬಳೆ ಹಾಕಿಸಿದ್ದು ಯಾಕೆ? ಮೇಲೆ ಹೋದ ಮೇಲೆ ಹಗ್ಗ ಬಿಟ್ಟು ಊಟದ ಡಬ್ಬಿ, ನೀರಿನ ಬಾಟಲಿ, ಚಳಿಗಾಲದ ಕೋಟು ಎಲ್ಲ ಎಳೆದುಕೊಳ್ಳಲಿಕ್ಕೆ! ಅಷ್ಟೆಲ್ಲ ಹಗ್ಗದಲ್ಲಿ ಹೋಗುವಾಗ ಒಂದು ಕ್ಯಾಮೆರಾ ಹೋಗುವುದಿಲ್ಲವೇ? ಸುಳ್ಳು ಹೇಳದ ಮನುಷ್ಯ ಸುಳ್ಳು ಹೇಳಿದ್ದಾರೆ ಅಂದರೆ ಅದರ ಹಿಂದೆ ಏನೋ ಇದೆ.

ಏನದು? ಲಾಂಡ್ರಿಯಲ್ಲಿ ಆಸ್ಪತ್ರೆಯ ಚಾದರ ಮಡಚುತ್ತಾ ಮಡಚುತ್ತಾ ತಲೆ ಕೆಡಿಸಿಕೊಂಡೆ. ಮೇಲಿಂದ ಯಾರದೋ ಮನೆಯೊಳಗಿನದು ಏನಾದರೂ ಕಾಣುತ್ತದೆಯೇ? ಯಾರಾದರೂ... ಥೂ, ಆ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. ಬೂಟು ಬಿಚ್ಚಿದರೆ ಕಾಲು ತೊಳೆಯುವುದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯನ ಮೇಲೆ ಅನುಮಾನಪಟ್ಟೆ.

ಗುಟ್ಟು ಅಂದಮೇಲೆ ನನ್ನದೂ ಒಂದಿತ್ತು. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನಾನು ಮಧ್ಯಾಹ್ನದ ಬಿಡುವಿನಲ್ಲಿ ಸೈಕಲ್ ಕಲಿಯುತ್ತಿದ್ದೆ. ಈ ವಯಸ್ಸಿನಲ್ಲಿ! ಮದುವೆಯಾದ ಹೊಸದರಲ್ಲಿ ಇವರ ಸೈಕಲ್ಲಿನ ಹಿಂದೆ ಕೂತು, ತಿರುವಿನಲ್ಲಿ ಬಿದ್ದು, ಚರಂಡಿಯಲ್ಲಿ ಕೂತಿದ್ದೆ. ಇವರಿಗೆ ಗೊತ್ತಾಗದೆ ಮನೆವರೆಗೂ ಒಬ್ಬರೇ ತುಳಿದುಕೊಂಡು ಹೋಗಿದ್ದರು. ಆ ಕಥೆಯನ್ನು ನಮ್ಮತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ, ಗ್ಯಾಸಿನವನಿಗೂ ಬಿಟ್ಟಿಲ್ಲ. "ನಮ್ಮ ಸೊಸೆಗೆ ಸೈಕಲ್ಲಲ್ಲಿ ಕೂರೋಕೂ ಬರಲ್ಲ" ಎಂದು ಮುಗಿಸಿ ನಗುತ್ತಾರೆ. ನಾನೂ ನಗುತ್ತೇನೆ, ಒಳಗೆ ಕುದಿಯುತ್ತೇನೆ. ಅದಕ್ಕೇ ಇಸ್ತ್ರಿ ಮಾಡುವ ಅಕ್ಕನ ಸೈಕಲ್ ಕೇಳಿಕೊಂಡು, ಲಾಂಡ್ರಿ ಪಕ್ಕದ ಮುಚ್ಚಿಹೋದ ಬೆಂಕಿಪೊಟ್ಟಣದ ಕಾರ್ಖಾನೆಯ ಅಂಗಳಕ್ಕೆ ಹೋಗುತ್ತಿದ್ದೆ. ನಮ್ಮ ಬಾಯ್ಲರ್ ಕೋಣೆಯ ಹಿಂಬಾಗಿಲು ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ನಾಲ್ಕೂ ಕಡೆ ಎರಡಾಳೆತ್ತರದ ಗೋಡೆ, ಒಂದೂ ಕಿಟಕಿಯಿಲ್ಲ. ಬಿದ್ದೆ, ಎದ್ದೆ, ಮೊಣಕೈ ತರಚಿಕೊಂಡೆ. ಮನೆಯಲ್ಲಿ ಲಾಂಡ್ರಿ ನೆಲ ಜಾರಿತು ಅಂದೆ. ಪೂರ್ತಿ ಕಲಿತು ಒಂದು ದಿನ ಮನೆ ಬಾಗಿಲಿಗೆ ಟ್ರಿಣ್ ಎಂದು ಬೆಲ್ ಹೊಡೆದುಕೊಂಡು ಬಂದಿಳಿಯಬೇಕು, ಅತ್ತೆಯ ಬಾಯಿ ತೆರೆದಿದ್ದು ತೆರೆದ ಹಾಗೇ ಇರಬೇಕು, ಅದು ನನ್ನ ಆಸೆ. ಅಲ್ಲಿಯವರೆಗೆ ಒಂದು ನರಪಿಳ್ಳೆಗೂ ತಿಳಿಯಕೂಡದು.

ಇವರ ಸುಳ್ಳಿನ ಹಿಂದೆ ಏನಿದೆಯೋ ತಿಳಿಯಲೇಬೇಕು ಎಂದು ಹಟ ಹಿಡಿದು ಮೈದುನನಿಗೆ ಹೇಳಿದೆ. ಅವನು ತನ್ನದೇ ಫುಲ್-ಫ್ರೇಮನ್ನು ಉದ್ದ ಮೂತಿಯ ಸಮೇತ ತಂದು, "ಅಣ್ಣ, ಒಂದು ದಿನ ಇಟ್ಕೊಂಡು ನೋಡು, ಆಮೇಲೆ ಹೇಳು," ಅಂದ. ನಾನು ಅದನ್ನು ಟವೆಲಿನಲ್ಲಿ ಸುತ್ತಿ, ಊಟದ ಚೀಲದಲ್ಲಿ ಡಬ್ಬಿಯ ಪಕ್ಕ ಇಟ್ಟು, "ಹಗ್ಗದಲ್ಲಿ ಎಳ್ಕೊಳ್ಳಿ," ಅಂದೆ.

ಇವರು ಚೀಲ ನೋಡಿದರು, ನನ್ನ ಮುಖ ನೋಡಿದರು. ಚೀಲ ಹೆಗಲಿಗೆ ಹಾಕಿಕೊಂಡು ಹೋದರು.

ಅವತ್ತು ಸಂಜೆ ಮನೆಯವರೆಲ್ಲ ಟಿವಿಯ ಮುಂದೆ ಕೂತೆವು. ಮೈದುನ ತಂತಿ ಸಿಕ್ಕಿಸಿ ಫೋಟೋ ಒಂದೊಂದೇ ಬಿಟ್ಟ. ಏನು ಹೇಳಲಿ, ನೆಟ್ಟಗೆ ಕೆಳಗೆ ನೋಡಿ ತೆಗೆದ ತಲೆಗಳು! ಹಳದಿ ಹೆಲ್ಮೆಟ್ಟು, ಬಿಳಿ ಹೆಲ್ಮೆಟ್ಟು, ಹೆಲ್ಮೆಟ್ಟು ತೆಗೆದು ತಲೆ ಕೆರೆದುಕೊಳ್ಳುವ ಬೋಳುತಲೆ. ಒಂದೂ ಮುಖವಿಲ್ಲ.

"ಅಣ್ಣ, ನಿನ್ನನ್ನ ಮದುವೆಗೆ ಕರ್ಕೊಂಡು ಹೋದ್ರೆ ಹುಡುಗನ ನೆತ್ತಿಯ ಸುಳಿ ಒಂದೇ ಆಲ್ಬಮ್ಮಿಗೆ ಬರೋದು," ಎಂದ ಮೈದುನ.

ನನಗೆ ಆಶ್ಚರ್ಯವಾಗಲಿಲ್ಲ. ಇವರಿಗೆ ಜೊತೆಗಾರರ ಗುರುತು ಸಿಗುವುದೇ ಮೇಲಿನಿಂದ. ಒಮ್ಮೆ ಮಾರ್ಕೆಟ್ಟಿನಲ್ಲಿ ಒಬ್ಬ ಎದುರು ನಿಂತು ಎಷ್ಟು ಹಲ್ಲು ಕಿರಿದರೂ ಇವರು ಮಿಕಮಿಕ ನೋಡುತ್ತಿದ್ದರು. ಅವನು ಬೂಟಿನ ದಾರ ಕಟ್ಟಲು ಬಗ್ಗಿದ ತಕ್ಷಣ, "ಓಹೋ, ನೀನಾ!" ಅಂದರು. ಕಂಬಿ ಕಟ್ಟುವವನಂತೆ, ಎಷ್ಟೋ ವರ್ಷ ಜೊತೆಗೆ ಕೆಲಸ ಮಾಡಿದವನಂತೆ.

"ಬರೀ ತಲೆಗಳು. ಇದಕ್ಕೆ ಅಷ್ಟು ದೊಡ್ಡ ಯಂತ್ರ ಬೇರೆ," ಎಂದು ಅತ್ತೆ ಆಕಳಿಸಿದರು.

ಆಗ ಬಂತು ಕೊನೆಯ ಫೋಟೋ. ಅದೊಂದು ಮಾತ್ರ ನೆಟ್ಟಗೆ ಕೆಳಗಲ್ಲ, ಓರೆಯಾಗಿ ದೂರಕ್ಕೆ. ಯಾವುದೋ ತಗಡಿನ ಮಾಡು, ಒಂದು ಹೊಗೆ ಕೊಳವೆಯಿಂದ ಬಿಳಿ ಹಬೆ, ಪಕ್ಕದಲ್ಲಿ ಗೋಡೆಯೊಳಗೆ ಒಂದು ಖಾಲಿ ಅಂಗಳ.

"ಆಹಾ, ಇದು ನೋಡಿ! ಈಗ ಫುಲ್-ಫ್ರೇಮಿನ ತಾಕತ್ತು ತೋರಿಸ್ತೀನಿ," ಎಂದು ಮೈದುನ ಹಿಗ್ಗಿಸತೊಡಗಿದ. ಅಂಗಳ ದೊಡ್ಡದಾಯಿತು. ಅಂಗಳದ ನಡುವೆ ಒಂದು ಬಿಳಿ ಚುಕ್ಕೆ. ಚುಕ್ಕೆ ಟೊಪ್ಪಿಯಾಯಿತು. ಲಾಂಡ್ರಿಯ ಬಿಳಿ ಟೊಪ್ಪಿ. ಅದರ ಕೆಳಗೆ ಎರಡು ಚಕ್ರ.

ನನ್ನ ಜೀವ ಬಾಯಿಗೆ ಬಂತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ನಾಲ್ಕು ಗೋಡೆ ನೋಡಿ ನಂಬಿದ್ದೆನಲ್ಲ! ಕ್ರೇನು ಅಲ್ಲೇ ಇತ್ತು, ದಿನಾ ನನ್ನ ತಲೆಯ ಮೇಲೆ. ಆದರೆ ಆಕಾಶಕ್ಕೆ ಯಾರಾದರೂ ನಾಚುತ್ತಾರೆಯೇ? ಅದೂ ಅಲ್ಲದೆ ಒಂದು ಸಲ ಕೇಳಿದ್ದೆ, "ಮೇಲಿಂದ ನಮ್ಮ ಲಾಂಡ್ರಿ ಕಾಣತ್ತಾ?" ಅಂತ. "ಬಾಯ್ಲರಿನ ಹಬೆ ಕಾಣತ್ತೆ," ಅಂದಿದ್ದರು. ಹಬೆ ಬಿಟ್ಟು ಇನ್ನೇನೂ ಕಾಣುವುದಿಲ್ಲ ಎಂದು ನಾನೇ ಅರ್ಥ ಮಾಡಿಕೊಂಡಿದ್ದೆ. ಈಗ ನಾನೇ ಟವೆಲಿನಲ್ಲಿ ಸುತ್ತಿ ಕಳಿಸಿದ ಕ್ಯಾಮೆರಾ ನನ್ನನ್ನೇ ಹಿಡಿದು ತಂದಿತ್ತು. ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ.

"ಇದ್ಯಾರಪ್ಪ, ಹೆಂಗಸು... ಸೈಕಲ್ ಮೇಲೆ..." ಎಂದು ಮೈದುನ ಇನ್ನೊಂದು ಸಲ ಒತ್ತುವುದಕ್ಕೆ ಬೆರಳೆತ್ತಿದ. ಅತ್ತೆ ಕನ್ನಡಕಕ್ಕೆ ತಡಕಾಡಿದರು.

ಇವರು ಎದ್ದರು. ಸೀದಾ ಹೋಗಿ ಟಿವಿಗೆ ಬೆನ್ನು ಮಾಡಿ ನಿಂತರು. ನಿಂತು, ಮಾತಾಡಲು ಶುರು ಮಾಡಿದರು.

"ಹಳೇ ಬ್ಯಾಂಕ್ ಕಟ್ಟಡ ಇದೆಯಲ್ಲ, ಅದರ ತಾರಸಿ ಮೇಲೆ ಒಬ್ಬ ದಿನಾ ಊಟ ಆದ್ಮೇಲೆ ಡ್ಯಾನ್ಸ್ ಮಾಡ್ತಾನೆ. ಟೈ ಕಟ್ಕೊಂಡೇ. ಒಬ್ಬನೇ. ಆಮೇಲೆ ಬೆವರು ಒರೆಸ್ಕೊಂಡು ಕೆಳಗಿಳಿದು ಹೋಗ್ತಾನೆ, ಯಾರಿಗೂ ಗೊತ್ತಿಲ್ಲ. ಮಳೆ ಬರೋದು ನನಗೇ ಮೊದಲು ಗೊತ್ತಾಗೋದು. ನದಿ ಕಡೆಯಿಂದ ಒಂದೊಂದೇ ಬೀದಿ ಕಪ್ಪಾಗ್ತಾ ಬರತ್ತೆ, ಕೆಳಗಡೆ ಜನ ಇನ್ನೂ ಬಿಸಿಲು ಅಂತ ಬೈಕೊಂಡು ಹೋಗ್ತಿರ್ತಾರೆ. ಒಂದು ಹದ್ದಿದೆ. ಕ್ರೇನಿನ ತುದಿಗೆ ಬಂದು ಕೂರತ್ತೆ. ನಾನು ಡಬ್ಬಿ ತೆಗೆದ್ರೆ ಅದೂ ತನ್ನ ಊಟ ತೆಗೆಯತ್ತೆ. ಒಟ್ಟಿಗೆ ಊಟ ಮಾಡ್ತೀವಿ. ಅದೂ ಮಾತಾಡಲ್ಲ..."

ಮೈದುನನ ಬೆರಳು ಗಾಳಿಯಲ್ಲೇ ನಿಂತಿತು. ಅತ್ತೆ ಕನ್ನಡಕ ಹಾಕಿಕೊಂಡು ಟಿವಿ ಬಿಟ್ಟು ಮಗನನ್ನೇ ನೋಡಿದರು.

"ಇವನಿಗೆ ಜ್ವರ ಗಿರ ಬಂದಿದೆಯೇನೇ? ಹಣೆ ಮುಟ್ಟಿ ನೋಡಮ್ಮ."

ಇವರು ನಿಲ್ಲಿಸಲಿಲ್ಲ. ಬೆವರು ಇಳಿಯುತ್ತಿತ್ತು, ಕೈ ಎಲ್ಲಿಡಬೇಕೋ ತಿಳಿಯದೆ ಅಂಗಿಯ ಗುಂಡಿ ತಿರುಗಿಸುತ್ತಿದ್ದರು, ಮಾತು ಮಾತ್ರ ಒಂದರ ಹಿಂದೆ ಒಂದು ಬರುತ್ತಿತ್ತು. ಅಷ್ಟು ವರ್ಷ ನಾನು ಬೇಡಿದ್ದೆಲ್ಲ ಇದೇ ತಾನೇ. ನಾನು ಹೆದರಿ ಸಾಯುತ್ತಿದ್ದೆ, ಆದರೂ ಒಂದು ಮಾತು ತಪ್ಪಿಹೋಗದಿರಲಿ ಎಂದು ಕಿವಿಯೆಲ್ಲ ತೆರೆದು ಕೂತಿದ್ದೆ. ಅಷ್ಟರಲ್ಲಿ ಬಹಳ ಹೊತ್ತು ಮುಟ್ಟದೆ ಬಿಟ್ಟ ಕ್ಯಾಮೆರಾ ತಾನೇ ಆರಿತು. ಇವರು ಅದರ ಕಾರ್ಡು ತೆಗೆದು ಜೇಬಿಗೆ ಹಾಕಿ, "ಊಟ ಮಾಡೋಣ," ಅಂದು ಮಾತು ಮುಗಿಸಿದರು.

ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಅಡುಗೆಮನೆಗೆ ಬಂದು ಪಕ್ಕದಲ್ಲಿ ನಿಂತು ಒರೆಸತೊಡಗಿದರು.

"ಯಾವಾಗಿಂದ?" ಅಂದೆ, ತಲೆ ಎತ್ತದೆ.

"ಮೊದಲನೇ ದಿನದಿಂದ. ತಳ್ಕೊಂಡು ಬಂದೆಯಲ್ಲ, ಆವತ್ತಿಂದ."

"ನಾನೇ ಅಂತ ಹೇಗೆ ಗೊತ್ತಾಯ್ತು? ಲಾಂಡ್ರಿಯಲ್ಲಿ ಎಲ್ಲರಿಗೂ ಅದೇ ಟೊಪ್ಪಿ."

"ನೀನು ಎಡಕ್ಕೆ ವಾಲ್ತೀಯ."

"ದಿನಾ ಕೇಳ್ತಿದ್ದೆನಲ್ಲ! ಏನಿಲ್ಲ ಅಂದ್ರಲ್ಲ! ಬಾಯಲ್ಲಿ ಏನು ಅವಲಕ್ಕಿ ಇಟ್ಕೊಂಡಿದ್ರಾ?"

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ."

ಅದು ನಿಜ. ನಿಜವಾದ್ದರಿಂದಲೇ ಸಿಟ್ಟು ಇನ್ನೂ ಏರಿತು. "ಬಿದ್ದಾಗಲೂ ನೋಡಿದ್ರಾ? ಗೋಡೆ ಹತ್ರ ಬಿದ್ದು ಹೊರಳಾಡಿದೆನಲ್ಲ, ಮೊಣಕೈ ತರಚಿ ರಕ್ತ ಬಂತಲ್ಲ, ಅದೂ?"

"ನೋಡಿದೆ."

"ನಕ್ಕಿರಬೇಕು."

"ಹುಕ್ ನಿಲ್ಲಿಸಿದೆ." ತಟ್ಟೆಯನ್ನು ಒರೆಸಿದ್ದನ್ನೇ ಮತ್ತೆ ಒರೆಸಿದರು. "ಕಂಬಿ ಕಟ್ಟು ಅರ್ಧದಲ್ಲಿ ನೇತಾಡ್ತಿತ್ತು. ಕೆಳಗಿನವರು ವಾಕಿಟಾಕಿಲಿ ಬಾಯಿಗೆ ಬಂದ ಹಾಗೆ ಬೈದ್ರು. ನೀನು ಎದ್ದು ಸೈಕಲ್ ಎತ್ತಿದ ಮೇಲೆ ಇಳಿಸಿದೆ."

ನನಗೆ ಅಳು ಬಂತು. ಅಳುವುದಕ್ಕೆ ನಾಚಿಕೆಯಾಗಿ ನಲ್ಲಿ ಜೋರಾಗಿ ತಿರುಗಿಸಿದೆ.

"ಮತ್ತೆ ಇವತ್ತು ಆ ಫೋಟೋ ಯಾಕೆ ತೆಗೆದ್ರಿ? ಅಂಗಡೀಲಿ ಬೇಡ ಬೇಡ ಅಂದವರು?"

"ತೆಗೀಬಾರದು ಅಂತಲೇ ಇದ್ದೆ. ಸುಮ್ನೆ ಕಣ್ಣಿಟ್ಟು ಹಿಗ್ಗಿಸಿ ನೋಡಿದೆ. ನಿನ್ನ ಮುಖ ಕಾಣ್ತು. ಮೇಲಿಂದ ಇಷ್ಟು ದಿನ ಮುಖ ಕಂಡಿರಲಿಲ್ಲ." ಸ್ವಲ್ಪ ತಡೆದು ಅಂದರು, "ನಾಲಿಗೆ ಹೊರಗೆ ಹಾಕ್ಕೊಂಡು ಓಡಿಸ್ತೀಯ. ಕೈ ಒತ್ತಿಬಿಡ್ತು. ಆಮೇಲೆ ಅಳಿಸೋಕೆ ಬರಲಿಲ್ಲ."

ಕಾರ್ಡನ್ನು ನನ್ನ ಒದ್ದೆ ಅಂಗೈಯ ಮೇಲೆ ಇಟ್ಟರು. ಅದು ಈಗಲೂ ನನ್ನ ಹತ್ತಿರವೇ ಇದೆ. ಮೈದುನ ಕೇಳಿದಾಗಲೆಲ್ಲ ಹುಡುಕುತ್ತಾ ಇದ್ದೀನಿ ಅನ್ನುತ್ತೇನೆ.

ಮುಂದಿನ ರಜೆಗೆ ಮತ್ತೆ ಅದೇ ಅಂಗಡಿಗೆ ಹೋದೆವು. ಅಂಗಡಿಯವನು ಎರಡನ್ನೂ ಮೇಜಿನ ಮೇಲಿಡುವ ಮೊದಲೇ ನಾನು ಸೋಪಿನ ಬಿಲ್ಲೆಯ ಮೇಲೆ ಬೆರಳಿಟ್ಟೆ.

"ಅಮ್ಮಾ, ಇದರಲ್ಲಿ ದೂರದ್ದು ಸರಿಯಾಗಿ ಬರಲ್ಲ ಅಂತ ಅವತ್ತೇ ತೋರಿಸಿದ್ನಲ್ಲ?"

"ಅಷ್ಟೊಂದು ಕಾಣೋದು ಬೇಡಪ್ಪ," ಅಂದೆ.

ಅವನು ಗಂಡ ಹೆಂಡತಿ ಇಬ್ಬರನ್ನೂ ಒಮ್ಮೆ ನೋಡಿ, ಸುಮ್ಮನೆ ಡಬ್ಬಕ್ಕೆ ಹಾಕಿಕೊಟ್ಟ.

ಕ್ರೇನು ಬಿಚ್ಚುವವರೆಗೆ ಇವರು ಅದರಲ್ಲಿ ದಿನಾ ತೆಗೆದರು. ತಲೆಗಳು, ಹದ್ದು, ಬೀದಿ ಬೀದಿಯಾಗಿ ಬರುವ ಮಳೆ. ಟೈ ಕಟ್ಟಿದವನನ್ನು ತೆಗೆಯಲಿಲ್ಲ. ಅದು ಅವನ ಗುಟ್ಟು ಅಂದರು. ಒಂದನ್ನು ದೊಡ್ಡದು ಮಾಡಿಸಿ ನಡುಮನೆಯಲ್ಲಿ ತೂಗುಹಾಕಿದೆವು: ತಗಡಿನ ಮಾಡು, ಹಬೆ, ಗೋಡೆ, ಗೋಡೆಯೊಳಗೆ ಒಂದು ಬಿಳಿ ಚುಕ್ಕೆ. ಅತ್ತೆ ಅದರ ಮುಂದೆ ನಿಂತು, "ಖಾಲಿ ಜಾಗಕ್ಕೆ ಕಟ್ಟು ಹಾಕಿಸಿದ್ದಾರೆ. ಅದೇನದು, ಪಾರಿವಾಳವಾ?" ಎಂದು ಕೇಳಿದರು. ಹೌದು ಅತ್ತೆ ಅಂದೆ.

ಕ್ರೇನು ಲಾರಿ ಹತ್ತಿ ಹೋದ ಮೇಲೆ ಒಂದು ಮಧ್ಯಾಹ್ನ ಇವರು ಸ್ಟೋರಿನಿಂದ ನಮ್ಮ ಬಾಯ್ಲರ್ ಕೋಣೆಯ ಹಿಂಬಾಗಿಲಿಗೆ ಬಂದರು. ನಾನು ತಲೆ ಎತ್ತಿ ನೋಡಿದೆ. ಅಷ್ಟು ದಿನ ಲೆಕ್ಕಕ್ಕೇ ಇಟ್ಟಿರದ ಆಕಾಶ ಅವತ್ತು ಬೋಳುಬೋಳಾಗಿ ಕಂಡಿತು. ಇವರು ಅಂಗಳದ ಅಂಚಿನಲ್ಲಿ ನಿಂತು, ನಾನು ಒಂದು ಸುತ್ತು ಹೊಡೆಯುವುದನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಏನು?"

"ಎದುರಿಂದ ಗೊತ್ತೇ ಆಗ್ತಿಲ್ಲ. ಬೇರೆ ಯಾರೋ ಥರ ಕಾಣ್ತೀಯ."

ಬಟ್ಟೆ ತುಂಬುವ ಪ್ಲಾಸ್ಟಿಕ್ ಕ್ರೇಟೊಂದನ್ನು ಎಳೆದು ಬೋರಲು ಹಾಕಿ, ಗೋಡೆ ಹಿಡಿದು, ಮೊಣಕಾಲು ಕಟಕಟ ಅನ್ನಿಸುತ್ತಾ ಅದರ ಮೇಲೆ ಹತ್ತಿದರು.

"ಇಳೀರಿ ಕೆಳಗೆ! ಡಾಕ್ಟರು ಏನಂದ್ರು?"

"ಏಣಿ ಬೇಡ ಅಂದ್ರು. ನೀನು ಓಡಿಸು."

ಓಡಿಸಿದೆ. ನಾಲಿಗೆ ಒಳಗೆ ಇಟ್ಟುಕೊಂಡು, ಎಡಕ್ಕೆ ವಾಲಿಕೊಂಡು, ಆ ಮೂಲೆಯ ತಿರುವಿನಲ್ಲಿ ಕಾಲು ಊರದೆ, ಬ್ರೇಕು ಹಿಡಿಯದೆ ತಿರುಗಿದೆ. ಹಿಂದೆ ಕ್ರೇಟಿನ ಮೇಲಿಂದ ಚಿಕ್ಕ ಕ್ಯಾಮೆರಾ ಕ್ಲಿಕ್ ಅಂದದ್ದು ಕೇಳಿಸಿತು.

ಅವತ್ತು ಸಂಜೆ ಅತ್ತೆ ನಡುಮನೆಯಲ್ಲಿ ಕೂತಿದ್ದರು. ಇವರು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರು. ಅಂಗಿಯ ಜೇಬು ಉಬ್ಬಿಕೊಂಡಿತ್ತು, ಗುಂಡಿ ಹಾಕಿತ್ತು.

"ಇವತ್ತು ಏನು ನೋಡಿದ್ರಿ?" ಎಂದೆ.

"ಏನಿಲ್ಲ," ಅಂದರು.

"ಇವನ ಬಾಯಲ್ಲಿ ಇನ್ನೇನು ಬರತ್ತೆ. ಈ ಸೊಸೆಗಾದರೂ ಕೇಳಿ ಕೇಳಿ ಬೇಜಾರಾಗಲ್ಲವಾ," ಎಂದರು ಅತ್ತೆ. ನನ್ನ ಮುಖ ಅವರಿಗೆ ಕಾಣಬಾರದೆಂದು ನಾನು ಟೀ ಇಡಲು ಒಳಗೆ ಓಡಿದೆ.